ಉಳ್ಳಾಗಡ್ಡಿಗೆ ಬೇರೆಯೇ ಡಾಲರ್ ರೇಟ್

ಡಾಲರ್ ಮೇಲೇರಿದಾಗಲೆಲ್ಲ ನನಗೆ ಒಂದೇ ಥರದ ಫೋನ್ ಬರುತ್ತವೆ. "ಡಾಲರ್ ಏರೇತಲ್ರೀ ಸರ, ರಫ್ತಿನವರಿಗೆ ಹಬ್ಬ ಅಲ್ಲೇನ್ರೀ?" ಹುಬ್ಬಳ್ಳಿಯ ಸಣ್ಣ ರಫ್ತುದಾರರಿಗೆ ಪ್ಯಾಕಿಂಗ್ ಕ್ರೆಡಿಟ್ (ರಫ್ತಿನ ಮಾಲು ತಯಾರಿಸಲು ಬ್ಯಾಂಕಿನ ಸಾಲ), ಫಾರ್ವರ್ಡ್ ಬುಕ್ಕಿಂಗ್ (ಮುಂದೆ ಬರುವ ಡಾಲರಿಗೆ ಇವತ್ತೇ ರೇಟ್ ಗಟ್ಟಿ ಮಾಡಿಕೊಳ್ಳುವುದು), ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತಿನ ಕಾಗದ) ವ್ಯವಹಾರದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರ ಬರುವುದು ಸಹಜ. ಉತ್ತರ ಮಾತ್ರ ಅಷ್ಟು ಸರಳ ಇಲ್ಲ. ಒಂದು ಕಾರ್ಖಾನೆಯ ಲೆಕ್ಕದಿಂದ ಶುರು ಮಾಡಿ, ಮೆಣಸಿನಕಾಯಿ, ಉಳ್ಳಾಗಡ್ಡಿಯವರೆಗೆ (ಈರುಳ್ಳಿ) ಹೋಗಿ ನೋಡೋಣ.

ಗೋಕುಲ ರಸ್ತೆಯಲ್ಲಿ ವಾಲ್ವ್ ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ ಅಂದುಕೊಳ್ಳಿ. ಒಂದು ವಾಲ್ವ್‌ಗೆ 1,000 ಡಾಲರ್. ಡಾಲರ್ 80 ರೂಪಾಯಿ ಇದ್ದಾಗ ಬರುವುದು 80,000. ಖರ್ಚು 70,000. ಅದರಲ್ಲಿ 40,000 ಸ್ಟೇನ್‌ಲೆಸ್ ಸ್ಟೀಲ್ ಎರಕ, ಸೀಲ್ ಇತ್ಯಾದಿಗೆ. ಆ ಸ್ಟೀಲಿಗೆ ಬೇಕಾದ ನಿಕ್ಕಲ್ ಹೊರದೇಶದಿಂದಲೇ ಬರಬೇಕು. ಹೀಗಾಗಿ ಎರಕ ಬೆಳಗಾವಿಯ ಫೌಂಡ್ರಿಯಿಂದ ತಂದರೂ ಅದರ ಬೆಲೆ ಡಾಲರ್ ಜೊತೆಗೇ ಏರುತ್ತದೆ. ಮಿಕ್ಕ 30,000 ಪಗಾರ, ಕರೆಂಟು, ಬಡ್ಡಿ. ಮಾಲೀಕನಿಗೆ ಉಳಿಯುವುದು 10,000.

ಈಗ ಡಾಲರ್ 88 ಆಯಿತು ಅನ್ನಿ. ಕೈಗೆ 88,000 ಬಂತು. ಸ್ಟೀಲಿನ ಖರ್ಚು 44,000 ಆಯಿತು. ಉಳಿಕೆ 14,000. ಹಬ್ಬವೇ ಸರಿ. ಆದರೆ ಹೊರದೇಶದ ಖರೀದಿದಾರನೂ ರೇಟ್ ನೋಡುತ್ತಿರುತ್ತಾನೆ. ಮುಂದಿನ ಆರ್ಡರ್‌ನಲ್ಲಿ ನೂರಕ್ಕೆ 3 ಇಳಿಸಿ ಅನ್ನುತ್ತಾನೆ. 2,640 ರೂಪಾಯಿ ಅಲ್ಲೇ ಹೋಯಿತು. ವರ್ಷ ಕಳೆಯುವಷ್ಟರಲ್ಲಿ ಪಗಾರ, ಕರೆಂಟು, ಬಡ್ಡಿ ಶೇ 6ರಷ್ಟು ಏರಿದರೆ ಮತ್ತೆ 1,800. ಕೊನೆಗೆ ಉಳಿದದ್ದು 9,560. ಡಾಲರ್ ಎಂಟು ರೂಪಾಯಿ ಏರಿದೆ, ಲಾಭ ಮಾತ್ರ ಮೊದಲಿಗಿಂತ ಕಡಿಮೆ!

ಅದಕ್ಕೇ ನಾನು ಪೇಪರಿನಲ್ಲಿ ಬರುವ ರೇಟನ್ನು ಅರ್ಧ ಮಾತ್ರ ನಂಬುತ್ತೇನೆ. ನಮ್ಮಲ್ಲಿ ಬೆಲೆ ಎಷ್ಟು ಏರಿತು, ನಾವು ವ್ಯಾಪಾರ ಮಾಡುವ ದೇಶಗಳಲ್ಲಿ ಎಷ್ಟು ಏರಿತು ಅನ್ನೋದನ್ನು ಸೇರಿಸಿದಾಗ ಸಿಗುವುದು ನಿಜವಾದ ವಿನಿಮಯ ದರ. ರಿಸರ್ವ್ ಬ್ಯಾಂಕ್ 40 ದೇಶಗಳ ಹಣದ ಎದುರು ಈ ಸೂಚ್ಯಂಕ ಪ್ರಕಟಿಸುತ್ತದೆ. 2015–16ಕ್ಕೆ 100 ಅಂತ ಇಟ್ಟುಕೊಂಡರೆ, 2024ರ ನವೆಂಬರ್‌ನಲ್ಲಿ ಅದು 108 ದಾಟಿತ್ತು. ಈ ಸೂಚ್ಯಂಕ ಏರಿದಷ್ಟೂ ರೂಪಾಯಿ ದುಬಾರಿ ಅಂತ ಅರ್ಥ. ಅದೇ ತಿಂಗಳು ಡಾಲರ್ 84ರ ಮೇಲಿದ್ದು, ರೂಪಾಯಿ ಹಿಂದೆಂದೂ ಇಲ್ಲದಷ್ಟು ಕುಸಿದಿದೆ ಅಂತ ಸುದ್ದಿ ಬರುತ್ತಿತ್ತು. ಆದರೆ ಬೆಲೆಯೇರಿಕೆ ಸೇರಿಸಿ ನೋಡಿದರೆ ನಮ್ಮ ರೂಪಾಯಿ ದುಬಾರಿಯಾಗಿತ್ತು. ವಾಲ್ವ್ ಮಾಡುವವರಿಗೆ ಪೆಟ್ಟು ಕೊಡುವುದು ಈ ದುಬಾರಿತನ.

ಇದರ ಜೊತೆಗೆ ಏರಿಳಿತದ ತೊಂದರೆ ಬೇರೆ. 2007ರ ಶುರುವಿಗೆ 44ರ ಆಸುಪಾಸು ಇದ್ದ ಡಾಲರ್ ವರ್ಷದ ಕೊನೆಗೆ 39ಕ್ಕೆ ಬಂತು. 2008ರ ಕೊನೆಗೆ 50 ಮುಟ್ಟಿತು. ಷೇರುಪೇಟೆಗೆ ಹೊರಗಿನ ಹಣ ನುಗ್ಗಿದ್ದು, ಆಮೇಲೆ ಅದೇ ಹಣ ವಾಪಸ್ ಓಡಿದ್ದು ದೊಡ್ಡ ಕಾರಣ. ಆರು ತಿಂಗಳ ಆರ್ಡರ್ ಹಿಡಿದು ಕೂತ ಕಾರ್ಖಾನೆ ಇಷ್ಟು ಹೊಯ್ದಾಟ ತಡೆದುಕೊಳ್ಳುವುದು ಕಷ್ಟ. ಡಾಲರ್ ಜಾಸ್ತಿ ಬಂದಾಗ ಕೊಂಡಿಟ್ಟು, ಕೊರತೆಯಾದಾಗ ಮಾರಿ ಹದ ಕಾಯುವ ಕೆಲಸ ರಿಸರ್ವ್ ಬ್ಯಾಂಕಿನದು. ಅದನ್ನು ಪೂರ್ತಿ ಮಾರುಕಟ್ಟೆಗೇ ಬಿಡಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಹಾಗಂತ ಬರೀ ರೇಟ್ ಬದಲಿಸಿದರೆ ದೇಶ ಮುಂದೆ ಬರುತ್ತದಾ? 1966ರ ಜೂನ್ 6ರಂದು ನಮ್ಮ ಸರ್ಕಾರ ಡಾಲರ್ ಬೆಲೆಯನ್ನು 4.76ರಿಂದ 7.50 ರೂಪಾಯಿಗೆ ಏರಿಸಿತು. ಅದೇ ಹೊತ್ತಿಗೆ ರಫ್ತಿನ ಸಹಾಯಧನ ತೆಗೆಯಿತು. ಸೆಣಬು, ಚಹಾದಂಥ ಮಾಲಿಗೆ ರಫ್ತು ಸುಂಕ ಹಾಕಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತು. ಮೇಲಿಂದ ಬರಗಾಲ ಬೇರೆ. ರಫ್ತು ಜಿಗಿಯಲೇ ಇಲ್ಲ.

ದಕ್ಷಿಣ ಕೊರಿಯಾ ಕೂಡ 1964ರಲ್ಲಿ ತನ್ನ ವಾನ್ ಬೆಲೆ ಇಳಿಸಿತ್ತು. ಡಾಲರ್‌ಗೆ 130 ಇದ್ದದ್ದು 255 ಆಯಿತು. ಆದರೆ ಅಲ್ಲಿ ರೇಟಿನ ಹಿಂದೆಯೇ ಉಳಿದದ್ದೂ ಬಂತು. ರಫ್ತು ಮಾಡುವವರಿಗೆ ಅಗ್ಗದ ಸಾಲ. ರಫ್ತಿನ ಮಾಲಿಗೆ ಬೇಕಾದ ಕಚ್ಚಾ ಸಾಮಗ್ರಿಗೆ ಸುಂಕ ಇಲ್ಲ. ತಿಂಗಳಿಗೊಮ್ಮೆ ರಫ್ತಿನ ಸಭೆ, ಅದಕ್ಕೆ ದೇಶದ ಅಧ್ಯಕ್ಷರೇ ಬಂದು ಕೂರುತ್ತಿದ್ದರು. 1964ರಲ್ಲಿ 10 ಕೋಟಿ ಡಾಲರ್ ಮುಟ್ಟಿದ್ದ ರಫ್ತು 1977ಕ್ಕೆ 1,000 ಕೋಟಿ ಡಾಲರ್ ಮುಟ್ಟಿತು. ಅದು ಸರ್ವಾಧಿಕಾರದ ಆಡಳಿತ. ಕಾರ್ಮಿಕರ ಬಾಯಿ ಮುಚ್ಚಿಸಿದ್ದನ್ನು ನಾವು ಕಲಿಯಬೇಕಿಲ್ಲ. ಆದರೆ ರೇಟ್, ಸಾಲ, ಸುಂಕ ಮೂರನ್ನೂ ಒಂದೇ ದಿಕ್ಕಿಗೆ ಹೂಡಿದ್ದನ್ನು ಕಲಿಯಬಹುದು.

ನಮ್ಮ ಬ್ಯಾಡಗಿಗೆ ಬನ್ನಿ. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಈ ಮೆಣಸಿನಕಾಯಿಯಿಂದ ಓಲಿಯೋರೆಸಿನ್ (ಬಣ್ಣ, ಖಾರದ ಗಟ್ಟಿ ಸಾರ) ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ. ಗೊಬ್ಬರ, ಡೀಸೆಲ್ ಬಿಟ್ಟರೆ ಇದರಲ್ಲಿ ಆಮದಿನ ಪಾಲು ಕಡಿಮೆ. ವಾಲ್ವ್ ಲೆಕ್ಕದ ಪ್ರಕಾರ ಡಾಲರ್ ಏರಿದಾಗ ಇವರಿಗೇ ಹೆಚ್ಚು ಸಿಗಬೇಕು. ಆದರೆ 2024ರ ಮಾರ್ಚ್‌ನಲ್ಲಿ ಏನಾಯಿತು? ಡಾಲರ್ 83ರಲ್ಲಿ ಗಟ್ಟಿಯಾಗಿ ನಿಂತಿತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮಾತ್ರ ಬೆಲೆ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಡಾಲರ್ ರೇಟ್ ಮುಂಬೈಯಿಂದ ರೈತನ ಚೀಲದವರೆಗೆ ತಾನಾಗಿ ನಡೆದು ಬರುವುದಿಲ್ಲ. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 (ಬೂಷ್ಟಿನಿಂದ ಹುಟ್ಟುವ ವಿಷ) ಪ್ರತಿ ಕಿಲೋಗೆ 5 ಮೈಕ್ರೋಗ್ರಾಂ ಮೀರುವಂತಿಲ್ಲ. ಹಸಿ ನೆಲದ ಮೇಲೆ ಒಣಗಿಸಿ ಬೂಷ್ಟು ಹಿಡಿದರೆ ಡಾಲರ್ ನೂರಾದರೂ ಆ ಮಾಲು ಅಲ್ಲಿಗೆ ಹೋಗದು. ಒಣಗಿಸುವ ಕಣ, ಹತ್ತಿರದಲ್ಲೇ ಪರೀಕ್ಷೆಯ ಲ್ಯಾಬ್, ಸಂತೆ ದಿನಕ್ಕೆ ಮೊದಲೇ ಸಿಗುವ ಬೆಲೆಯ ಮಾಹಿತಿ – ಇವು ಸರ್ಕಾರದ ಕೈಯಲ್ಲಿರುವ ಕೆಲಸಗಳು.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಆಗುವುದು ಉಳ್ಳಾಗಡ್ಡಿಯ ವಿಷಯದಲ್ಲಿ. ಗದಗ, ಧಾರವಾಡದ ಕಡೆ ಮುಂಗಾರಿಗೆ ಉಳ್ಳಾಗಡ್ಡಿ ಹಾಕುತ್ತಾರೆ. 2023ರಲ್ಲೂ ಹಾಕಿದ್ದರು. ಬೆಳೆ ಇನ್ನೂ ಹೊಲದಲ್ಲಿತ್ತು, ಆಗಸ್ಟ್ 19ಕ್ಕೆ ಕೇಂದ್ರ ಸರ್ಕಾರ ಶೇ 40 ರಫ್ತು ಸುಂಕ ಹಾಕಿತು. ಇದರ ಅರ್ಥ ರೂಪಾಯಿಯಲ್ಲಿ ನೋಡಿ. ಒಂದು ಡಾಲರ್ ಇನ್‌ವಾಯ್ಸ್‌ಗೆ 40 ಸೆಂಟ್ ಸುಂಕ. ಉಳಿಯುವುದು 60 ಸೆಂಟ್. 83ರ ಲೆಕ್ಕದಲ್ಲಿ 50 ರೂಪಾಯಿಗೂ ಕಡಿಮೆ. ಅಂದ್ರೆ ದೇಶಕ್ಕೆಲ್ಲ 83 ಇದ್ದ ಡಾಲರ್, ಉಳ್ಳಾಗಡ್ಡಿಗೆ ಮಾತ್ರ 2012ರ ಆರಂಭದ ರೇಟಿಗೆ ಇಳಿಯಿತು. ಬೀಜ, ಗೊಬ್ಬರ, ಕೂಲಿ ಮಾತ್ರ 2023ರದ್ದೇ. ಡಿಸೆಂಬರ್ 8ಕ್ಕೆ ರಫ್ತು ನಿಷೇಧವೇ ಬಂತು. 2024ರ ಮೇ 4ಕ್ಕೆ ನಿಷೇಧ ತೆಗೆದರೂ ಶೇ 40 ಸುಂಕ ಇತ್ತು, ಜೊತೆಗೆ ಟನ್ನಿಗೆ 550 ಡಾಲರ್ ಕನಿಷ್ಠ ರಫ್ತು ಬೆಲೆ, ಅದಕ್ಕಿಂತ ಕಡಿಮೆಗೆ ಕಳಿಸುವಂತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸುಂಕ ಶೇ 20 ಆಯಿತು. ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ.

ನಗರದ ಬಡವರಿಗೆ ಉಳ್ಳಾಗಡ್ಡಿ ಕೈಗೆಟಕಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಸರ್ಕಾರವೇ ಕೊಂಡು ದಾಸ್ತಾನು ಇಡುವ ದಾರಿ ಇದೆ, ಅದನ್ನು ಈಗಾಗಲೇ ಮಾಡುತ್ತಲೂ ಇದೆ. ಆ ಖರ್ಚು ಬಜೆಟ್‌ನಿಂದ ಹೋಗುತ್ತದೆ, ಎಲ್ಲರೂ ಹಂಚಿಕೊಳ್ಳುತ್ತಾರೆ. ಸುಂಕ ಹಾಕಿದರೆ ಆ ಭಾರ ಪೂರ್ತಿ ಬೆಳೆದವನ ತಲೆಗೆ ಬೀಳುತ್ತದೆ. ಕೊಲ್ಲಿ ದೇಶಗಳ, ಮಲೇಷ್ಯಾದ ಖರೀದಿದಾರರು ನಮಗಾಗಿ ಕಾಯುತ್ತಾ ಕೂರುವುದಿಲ್ಲ. ಪಾಕಿಸ್ತಾನ, ಈಜಿಪ್ಟಿನ ಮಾಲು ಅವರಿಗೆ ಸಿಗುತ್ತದೆ.

ಸುಂಕ ಹಾಕಲೇಬೇಕು ಅಂತಿದ್ದರೆ ಅದನ್ನು ಮೇ ತಿಂಗಳಲ್ಲೇ ಹೇಳಲಿ, ಬಿತ್ತನೆಗೆ ಮೊದಲು. ಇಂಥ ಬೆಲೆ ದಾಟಿದರೆ ಇಷ್ಟು ಸುಂಕ, ಇಳಿದರೆ ಇಲ್ಲ ಅಂತ ಬರೆದಿಡಲಿ. ಆಗ ಗದಗಿನ ರೈತ ಎಷ್ಟು ಎಕರೆ ಉಳ್ಳಾಗಡ್ಡಿ, ಎಷ್ಟು ಎಕರೆ ಗೋವಿನಜೋಳ ಅಂತ ತಾನೇ ಲೆಕ್ಕ ಹಾಕುತ್ತಾನೆ. ನನ್ನಂಥವರೂ ರಫ್ತುದಾರನಿಗೆ ಧೈರ್ಯವಾಗಿ ಫಾರ್ವರ್ಡ್ ಬುಕ್ ಮಾಡಿ ಅನ್ನಬಹುದು.