ಕಾರ್ಡಿನಲ್ ಸಾಹೇಬರು ಪ್ರಾಟೆಸ್ಟೆಂಟರಿಗೆ ದುಡ್ಡು ಯಾಕೆ ಕೊಟ್ಟರು?

ಓದುಗರ ಪ್ರಶ್ನೆ: ಯುರೋಪಿನ ಮೂವತ್ತು ವರ್ಷಗಳ ಯುದ್ಧ (1618–1648) ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ನಡೆದ ಮತದ ಜಗಳ ಅಂತ ಓದಿದ್ದೇನೆ. ಹಾಗಿದ್ದರೆ ಕ್ಯಾಥೊಲಿಕ್ ದೇಶವಾದ ಫ್ರಾನ್ಸ್ ಪ್ರಾಟೆಸ್ಟೆಂಟರ ಕಡೆ ಸೇರಿದ್ದು ಯಾಕೆ?

ಈ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ವಿಚಿತ್ರ ಅನಿಸುವುದೂ ಸಹಜವೇ. ಯಾಕೆಂದರೆ ಫ್ರಾನ್ಸನ್ನು ಆ ದಾರಿಗೆ ತಂದವನು ಬರೀ ಕ್ಯಾಥೊಲಿಕ್ ಅಲ್ಲ, ಚರ್ಚಿನ ಕಾರ್ಡಿನಲ್, ಅಂದರೆ ಪೋಪರ ನಂತರದ ದೊಡ್ಡ ಪದವಿಯವನು. ಹೆಸರು ರಿಷೆಲ್ಯೂ. 1624ರಿಂದ 1642ರಲ್ಲಿ ಸಾಯುವವರೆಗೂ ದೊರೆ ಹದಿಮೂರನೇ ಲೂಯಿಗೆ ಇವನೇ ಮುಖ್ಯ ಮಂತ್ರಿ.

ಮೊದಲು ಆ ಕಾಲದ ಭೂಪಟ ನೋಡಿ. ಫ್ರಾನ್ಸಿನ ದಕ್ಷಿಣಕ್ಕೆ ಸ್ಪೇನ್. ಉತ್ತರಕ್ಕೆ ಸ್ಪೇನಿನ ಕೈಯಲ್ಲಿದ್ದ ನೆದರ್ಲೆಂಡ್ಸ್, ಅಂದರೆ ಹೆಚ್ಚುಕಡಿಮೆ ಇವತ್ತಿನ ಬೆಲ್ಜಿಯಂ. ಪೂರ್ವದ ಗಡಿಗೆ ಅಂಟಿಕೊಂಡಿದ್ದ ಫ್ರಾಂಶ್-ಕೊಂತೆ ಸ್ಪೇನಿನದ್ದು, ಇಟಲಿಯ ಮಿಲಾನ್ ಕೂಡ ಅವರದ್ದೇ. ಅದರಾಚೆ ಜರ್ಮನ್ ನಾಡುಗಳ ಚಕ್ರವರ್ತಿ ಎರಡನೇ ಫರ್ಡಿನಾಂಡ್ ವಿಯೆನ್ನಾದಲ್ಲಿ ಕೂತಿದ್ದ. ಸ್ಪೇನಿನ ದೊರೆ, ವಿಯೆನ್ನಾದ ಚಕ್ರವರ್ತಿ ಇಬ್ಬರೂ ಹ್ಯಾಬ್ಸ್‌ಬರ್ಗ್ ಮನೆತನದವರು. ಪ್ಯಾರಿಸ್‌ನಲ್ಲಿ ಕೂತು ನೋಡಿದರೆ ಯಾವ ಕಿಟಕಿ ತೆಗೆದರೂ ಒಂದೇ ಮನೆಯವರ ಮುಖ. ಅವರೂ ಕ್ಯಾಥೊಲಿಕರು ಅನ್ನೋದರಿಂದ ಈ ಭಯ ಕಡಿಮೆ ಆಗುತ್ತಿರಲಿಲ್ಲ.

ಹಾಗಾದರೆ ರಿಷೆಲ್ಯೂಗೆ ಪ್ರಾಟೆಸ್ಟೆಂಟರ ಮೇಲೆ ಪ್ರೀತಿಯೇ? ಇಲ್ಲ. ಅದಕ್ಕೆ ಲಾ ರೊಶೆಲ್ ಊರನ್ನು ನೋಡಿದರೆ ಸಾಕು. ಅಟ್ಲಾಂಟಿಕ್ ದಡದ ಆ ಬಂದರು ಫ್ರಾನ್ಸಿನ ಪ್ರಾಟೆಸ್ಟೆಂಟರ, ಅಂದರೆ ಹ್ಯುಗೆನಾಟರ, ಗಟ್ಟಿ ನೆಲೆ. 1598ರ ನಾಂಟ್ ಶಾಸನ ಅವರಿಗೆ ತಮ್ಮ ಪೂಜೆಗೂ ಅವಕಾಶ ಕೊಟ್ಟಿತ್ತು, ಕೋಟೆಗಳನ್ನೂ ಬಿಟ್ಟುಕೊಟ್ಟಿತ್ತು. ರಿಷೆಲ್ಯೂ 1627ರಲ್ಲಿ ಊರಿಗೆ ಮುತ್ತಿಗೆ ಹಾಕಿಸಿದ. ಇಂಗ್ಲೆಂಡಿನ ಹಡಗುಗಳು ನೆರವಿಗೆ ಬರಬಾರದು ಅಂತ ಬಂದರಿನ ಬಾಯಿಗೆ ಸುಮಾರು 1,400 ಮೀಟರ್ ಉದ್ದದ ಒಡ್ಡು ಕಟ್ಟಿಸಿದ. ಕಲ್ಲು ತುಂಬಿದ ಹಡಗುಗಳನ್ನು ಅಲ್ಲೇ ಮುಳುಗಿಸಿದರು. ಹದಿನಾಲ್ಕು ತಿಂಗಳು ಕಳೆದು ಊರು ಬಾಗಿಲು ತೆಗೆದಾಗ, 27,000ದಷ್ಟಿದ್ದ ಜನರಲ್ಲಿ ಉಳಿದವರು ಸುಮಾರು 5,000. ಹೆಚ್ಚಿನವರು ಹೊಟ್ಟೆಗಿಲ್ಲದೆ ಸತ್ತಿದ್ದರು.

ಇದಾದ ಮೇಲೆ ಅವನು ಏನು ಮಾಡಿದ ಅನ್ನೋದನ್ನು ಗಮನಿಸಿ. 1629ರ ಅಲೆಸ್ ಒಪ್ಪಂದದಲ್ಲಿ ಹ್ಯುಗೆನಾಟರ ಕೋಟೆ, ಸೈನ್ಯ ಎರಡನ್ನೂ ಕಿತ್ತುಕೊಂಡ. ಪೂಜೆಯ ಹಕ್ಕನ್ನು ಮುಟ್ಟಲಿಲ್ಲ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅವನನ್ನು ಕಾಡುತ್ತಿದ್ದದ್ದು ಅವರ ಬೈಬಲ್ ಅಲ್ಲ, ಅವರ ಕೋಟೆಗೋಡೆ. ದೊರೆಯ ಮಾತು ನಡೆಯದ ಜಾಗ ದೇಶದೊಳಗೆ ಇರಕೂಡದು, ದೊರೆಗಿಂತ ಬಲವಾದ ಮನೆತನ ದೇಶದ ಸುತ್ತ ಇರಕೂಡದು. ಒಳಗಡೆ ಪ್ರಾಟೆಸ್ಟೆಂಟರನ್ನು ಬಗ್ಗಿಸಿದ್ದಕ್ಕೂ ಹೊರಗಡೆ ಪ್ರಾಟೆಸ್ಟೆಂಟರಿಗೆ ಕೈಜೋಡಿಸಿದ್ದಕ್ಕೂ ಕಾರಣ ಒಂದೇ. ಅಂದಹಾಗೆ, 1625ರಲ್ಲಿ ಇದೇ ಲಾ ರೊಶೆಲ್ ಜನರ ವಿರುದ್ಧ ಅವನಿಗೆ ಹಡಗು ಕೊಟ್ಟು ಸಹಾಯ ಮಾಡಿದವರು ಡಚ್ಚರು. ಅವರೂ ಪ್ರಾಟೆಸ್ಟೆಂಟರೇ!

ಜರ್ಮನಿಗೆ ಮೊದಲು ಹೋಗಿದ್ದು ಫ್ರಾನ್ಸಿನ ಸೈನ್ಯವಲ್ಲ, ದುಡ್ಡು. 1630ರಲ್ಲಿ ಸ್ವೀಡನ್ನಿನ ಲೂಥರನ್ (ಪ್ರಾಟೆಸ್ಟೆಂಟರಲ್ಲೇ ಒಂದು ಪಂಗಡ) ದೊರೆ ಗುಸ್ತಾವ್ ಅಡಾಲ್ಫ್ ಸೈನ್ಯದೊಂದಿಗೆ ಜರ್ಮನಿಯಲ್ಲಿ ಇಳಿದಿದ್ದ. 1631ರ ಜನವರಿಯಲ್ಲಿ ಬೇರ್ವಾಲ್ಡೆ ಎಂಬ ಊರಲ್ಲಿ ಒಪ್ಪಂದ ಆಯಿತು. ಫ್ರಾನ್ಸ್ ವರ್ಷಕ್ಕೆ 4 ಲಕ್ಷ ತಾಲರ್ ಬೆಳ್ಳಿ ನಾಣ್ಯ ಕೊಡಬೇಕು. ಗುಸ್ತಾವ್ 30,000 ಕಾಲಾಳು, 6,000 ಕುದುರೆ ಸವಾರರನ್ನು ಇಟ್ಟುಕೊಂಡು ಚಕ್ರವರ್ತಿಯ ವಿರುದ್ಧ ಕಾದಾಡಬೇಕು. ಬೇರೆಯವರ ಹೆಗಲ ಮೇಲೆ ಬಂದೂಕಿಡೋದು ಅಂದರೆ ಇದೇ ಅಲ್ವಾ? ಜೊತೆಗೆ ಇನ್ನೊಂದು ಷರತ್ತು: ಗೆದ್ದ ಊರುಗಳಲ್ಲಿ ಮೊದಲಿಂದ ಕ್ಯಾಥೊಲಿಕ್ ಪೂಜೆ ನಡೆಯುತ್ತಿದ್ದರೆ ಅದಕ್ಕೆ ಅಡ್ಡಿ ಮಾಡಕೂಡದು. ಈ ಷರತ್ತನ್ನು ಸುಮ್ನೆ ತೋರಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ರಿಷೆಲ್ಯೂಗೆ ಮನೆಯಲ್ಲೇ ವಿರೋಧವಿತ್ತು. ದೊರೆಯ ತಾಯಿ ಮೇರಿ ಡಿ ಮೆಡಿಚಿ ಮತ್ತು ಅವಳ ಕಡೆಯ ಕಟ್ಟಾ ಕ್ಯಾಥೊಲಿಕರಿಗೆ ಸ್ಪೇನಿನ ಜೊತೆ ರಾಜಿ ಬೇಕಿತ್ತು. 1630ರ ನವೆಂಬರಿನಲ್ಲಿ ಅವಳು ಅವನನ್ನು ಕೆಳಗಿಳಿಸಿಯೇಬಿಟ್ಟಳು ಅಂತ ಆಸ್ಥಾನವೆಲ್ಲ ನಂಬಿತ್ತು. ದೊರೆ ಮಂತ್ರಿಯ ಕೈಬಿಡಲಿಲ್ಲ. ಕೊನೆಗೆ ದೇಶ ಬಿಟ್ಟು ಹೋದದ್ದು ತಾಯಿಯೇ.

ಗುಸ್ತಾವ್ 1632ರಲ್ಲಿ ಲ್ಯುಟ್ಸೆನ್ ಕಾಳಗದಲ್ಲಿ ಸತ್ತ. 1634ರಲ್ಲಿ ನೋರ್ಡ್ಲಿಂಗೆನ್‌ನಲ್ಲಿ ಸ್ವೀಡನ್ ಸೈನ್ಯ ಸೋತು ಸುಣ್ಣವಾಯಿತು. ಇನ್ನು ದುಡ್ಡಿನಿಂದ ಆಗುವ ಕೆಲಸವಲ್ಲ ಅಂತ 1635ರ ಮೇನಲ್ಲಿ ಫ್ರಾನ್ಸ್ ಸ್ಪೇನಿನ ಮೇಲೆ ನೇರವಾಗಿ ಯುದ್ಧ ಸಾರಿತು. ಕೊಟ್ಟ ಕಾರಣ? ಫ್ರಾನ್ಸಿನ ರಕ್ಷಣೆಯಲ್ಲಿದ್ದ ಟ್ರಿಯರ್‌ನ ಆರ್ಚ್‌ಬಿಷಪ್ಪನ್ನು ಸ್ಪೇನಿನವರು ಹಿಡಿದುಕೊಂಡು ಹೋದರು ಅಂತ. ಹಳೇ ಪದ್ಧತಿಯಂತೆ ಯುದ್ಧ ಸಾರಲು ದೂತನೊಬ್ಬ ಬ್ರಸೆಲ್ಸ್‌ಗೆ ಹೋದ. ಅಲ್ಲಿ ಸ್ಪೇನಿನ ಪರ ಆಳುತ್ತಿದ್ದವನು ಸ್ಪೇನ್ ದೊರೆಯ ತಮ್ಮ ಫರ್ಡಿನಾಂಡ್ (ಚಕ್ರವರ್ತಿ ಫರ್ಡಿನಾಂಡ್ ಬೇರೆ). ಅವನೂ ಕಾರ್ಡಿನಲ್! ಒಬ್ಬ ಕ್ಯಾಥೊಲಿಕ್ ಆರ್ಚ್‌ಬಿಷಪ್ಪಿನ ನೆಪದಲ್ಲಿ ಇಬ್ಬರು ಕಾರ್ಡಿನಲ್‌ಗಳ ಸೈನ್ಯ ಎದುರುಬದುರಾದವು.

ಹಾಗಂತ ಮತ ಬರೀ ಮುಖವಾಡ ಅಂದುಕೊಳ್ಳಬೇಡಿ. ಯುದ್ಧ ಶುರುವಾಗಿದ್ದೇ ಬೊಹೆಮಿಯಾದ (ಇವತ್ತಿನ ಚೆಕ್ ನಾಡು) ಪ್ರಾಟೆಸ್ಟೆಂಟರು 1618ರ ಮೇ 23ರಂದು ಪ್ರಾಗ್ ಕೋಟೆಯ ಕಿಟಕಿಯಿಂದ ಚಕ್ರವರ್ತಿಯ ಕಡೆಯವರನ್ನು ಎಸೆದಾಗ. ಸುಮಾರು 20 ಮೀಟರ್ ಕೆಳಗೆ ಬಿದ್ದರೂ ಮೂವರೂ ಬದುಕಿದರು. ಮೇರಿ ಮಾತೆ ಕಾಪಾಡಿದಳು ಅಂದರು ಕ್ಯಾಥೊಲಿಕರು. ತಿಪ್ಪೆ ಮೇಲೆ ಬಿದ್ದರು ಅಂದರು ಪ್ರಾಟೆಸ್ಟೆಂಟರು. 1631ರಲ್ಲಿ ಮಗ್ಡೆಬರ್ಗ್ ಎಂಬ ಪ್ರಾಟೆಸ್ಟೆಂಟ್ ಊರಿಗೆ ಚಕ್ರವರ್ತಿಯ ಸೈನ್ಯ ನುಗ್ಗಿದಾಗ ಸತ್ತವರು ಸುಮಾರು 20,000. ಆ ಸುದ್ದಿ ಕೇಳಿದ ಊರೂರಿನ ಜನರಿಗೆ ಇದು ಮತದ ಯುದ್ಧವೇ ಆಗಿತ್ತು. ದೊರೆಗಳ ಲೆಕ್ಕ ಮಾತ್ರ ಬೇರೆ. ಲೂಥರನ್ ಆಗಿದ್ದೂ ಸ್ಯಾಕ್ಸನಿಯ ದೊರೆ 1620ರಲ್ಲಿ ನಿಂತದ್ದು ಕ್ಯಾಥೊಲಿಕ್ ಚಕ್ರವರ್ತಿಯ ಪಕ್ಕದಲ್ಲಿ. 1643ರಲ್ಲಿ ಲೂಥರನ್ ಸ್ವೀಡನ್ ನುಗ್ಗಿದ್ದು ಲೂಥರನ್ ಡೆನ್ಮಾರ್ಕಿನ ಮೇಲೆ.

1648ರಲ್ಲಿ ವೆಸ್ಟ್‌ಫೇಲಿಯಾದಲ್ಲಿ ಶಾಂತಿ ಆಯಿತು. ಪೋಪ್ ಹತ್ತನೇ ಇನೊಸೆಂಟ್ ಈ ಒಪ್ಪಂದ ಅಸಿಂಧು ಅಂತ ಸಾರಿದರು. ಕ್ಯಾಥೊಲಿಕ್ ದೊರೆಗಳೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫ್ರಾನ್ಸ್ ಮತ್ತು ಸ್ಪೇನ್ ಮಾತ್ರ ಇನ್ನೂ 11 ವರ್ಷ ಹೊಡೆದಾಡಿ, 1659ರಲ್ಲಿ ಮದುವೆ ಮಾತುಕತೆಯೊಂದಿಗೆ ರಾಜಿಯಾದವು. ಹದಿಮೂರನೇ ಲೂಯಿಯ ಮಗ, ಆಗಿನ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೆ ಸ್ಪೇನಿನ ದೊರೆಯ ಮಗಳು ಮರಿಯಾ ತೆರೇಸಾ. ನಮ್ಮ ಲೆಕ್ಕದಲ್ಲಿ ಹುಡುಗಿ ಅವನಿಗೆ ಸೋದರಮಾವನ ಮಗಳು, ಸೋದರತ್ತೆಯ ಮಗಳೂ ಹೌದು. ಅಷ್ಟು ವರ್ಷ ಕಾದಾಡಿದ ಎರಡು ಮನೆಗಳು ಮೊದಲೇ ಕೊಟ್ಟು ತಂದ ಬೀಗರು! ವರದಕ್ಷಿಣೆ 5 ಲಕ್ಷ ಚಿನ್ನದ ನಾಣ್ಯ ಅಂತ ಬರೆದುಕೊಂಡರು. ಸ್ಪೇನ್ ಕೊಡಲಿಲ್ಲ. 1667ರಲ್ಲಿ ಅಳಿಯ ಅದನ್ನೇ ಮುಂದಿಟ್ಟುಕೊಂಡು, ಹೆಂಡತಿಯ ಪಾಲು ಕೇಳುತ್ತಾ, ಸ್ಪೇನಿನ ನೆದರ್ಲೆಂಡ್ಸ್‌ಗೆ ಸೈನ್ಯ ನುಗ್ಗಿಸಿದ.