ಕೈಗೆ ಕಣ್ಣು ಬರುವ ತನಕ

ಪಶುವೈದ್ಯ ವಿದ್ಯಾರ್ಥಿನಿಯೊಬ್ಬಳು ಮೊದಲ ಸಲ ಹಸುವಿನ ಗಬ್ಬ ಪರೀಕ್ಷೆಗೆ ನಿಂತಿದ್ದಾಳೆ. ಉಗುರು ಕತ್ತರಿಸಿದ್ದಾಳೆ, ಉಂಗುರ ತೆಗೆದಿಟ್ಟಿದ್ದಾಳೆ. ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸಿಗೆ ಜೆಲ್ ಸವರಿಕೊಂಡು, ಐದೂ ಬೆರಳು ಕೂಡಿಸಿ, ಗುದದ್ವಾರದಲ್ಲಿ ಮೆಲ್ಲಗೆ ಕೈ ಇಳಿಸುತ್ತಾಳೆ. ಮೊದಲು ಸಗಣಿ ತೆಗೆಯಬೇಕು. ಅಷ್ಟರಲ್ಲಿ ಕರುಳು ಬಿಗಿದು ತೋಳನ್ನು ಹಿಂಡುತ್ತದೆ. ಆಗ ಬಲ ಹಾಕಿದರೆ ಕರುಳಿಗೆ ಗಾಯವಾದೀತು. ಹಿಡಿತ ಸಡಿಲವಾಗುವ ತನಕ ಸುಮ್ನೆ ಕಾಯಬೇಕು.

"ಏನು ಸಿಕ್ತು?" ಎನ್ನುತ್ತಾರೆ ಮೇಷ್ಟ್ರು.

"ಏನೋ ಮೆತ್ತಗಿದೆ ಸರ್."

ಅದು ಗರ್ಭಕೋಶವೋ, ತುಂಬಿದ ಮೂತ್ರಕೋಶವೋ? ಹೊರಗೆ ನಿಂತ ಮೇಷ್ಟ್ರಿಗೂ ಗೊತ್ತಿಲ್ಲ. ಹೊಲಿಗೆ ಹಾಕುವುದನ್ನಾದರೆ ಪಕ್ಕದಲ್ಲಿ ನಿಂತು ನೋಡಿ ತಿದ್ದಬಹುದು. ಇಲ್ಲಿ ಕೈಯೇ ಕಾಣುವುದಿಲ್ಲ. ಹಾಲಿನ ಹಸುಗಳ ವೈದ್ಯ ಕಲಿಸುವವರಿಗೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಒಳಗೆ ಹೋದ ಕೈಗೆ ಮೊದಲ ಗುರುತು ಗರ್ಭಕೋಶದ ಕೊರಳು. ಸೊಂಟದ ಮೂಳೆಯ ಹಾಸಿನ ಮೇಲೆ ಗಟ್ಟಿಯಾಗಿ ಸಿಗುತ್ತದೆ. ಅದನ್ನು ಹಿಡಿದು ಮುಂದೆ ಹೋದರೆ ಗರ್ಭಕೋಶದ ಎರಡು ಕೊಂಬು, ಅವುಗಳ ತುದಿಯಾಚೆ ಅಂಡಾಶಯ. ಎಲ್ಲವನ್ನೂ ಕರುಳಿನ ಗೋಡೆಯ ಈಚೆಯಿಂದಲೇ ಮುಟ್ಟಬೇಕು. ಗಬ್ಬವಾಗಿ ಸುಮಾರು 35 ದಿನವಾಗಿದ್ದರೆ, ಒಂದು ಕೊಂಬನ್ನು ಬೆರಳ ನಡುವೆ ನವಿರಾಗಿ ಎತ್ತಿ ಬಿಟ್ಟಾಗ, ಮೊದಲು ಒಂದು ತೆಳು ಪೊರೆ ಜಾರುತ್ತದೆ, ಆಮೇಲೆ ಗೋಡೆ ಜಾರುತ್ತದೆ. ಒಂದರ ಹಿಂದೆ ಒಂದು, ಎರಡು ಜಾರು. ಪಳಗಿದ ಕೈಗೆ ಅಷ್ಟೇ ಸಾಕು. ಹೊಸಬರಿಗೆ ಅದು ಎಷ್ಟೋ ಹಸುಗಳಾದ ಮೇಲೂ ಸಿಗುವುದಿಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ಗರ್ಭಕೋಶಕ್ಕೆ ರಕ್ತ ಒಯ್ಯುವ ನಾಳ ಬೆರಳಡಿಯಲ್ಲಿ ಗುಂಯ್ ಎಂದು ನಡುಗುತ್ತದೆ. ಆ ನಡುಕ ಒಮ್ಮೆ ತಿಳಿದರೆ ಮರೆಯುವಂಥದ್ದಲ್ಲ.

ಕಾಣದ ಕೈಯನ್ನು ಕಾಣಿಸುವ ಉಪಾಯವೊಂದನ್ನು ಬ್ರಿಟನ್ನಿನ ಪಶುವೈದ್ಯೆ ಸಾರಾ ಬೈಲಿ ಕಂಡುಕೊಂಡರು. 2000ದ ದಶಕದಲ್ಲಿ ಅವರು ರೂಪಿಸಿದ 'ಹ್ಯಾಪ್ಟಿಕ್ ಕೌ' ಎಂದರೆ ಹಸುವಿನ ಹಿಂಭಾಗದ ಮಾದರಿ. ಅದರೊಳಗೆ ಕಂಪ್ಯೂಟರಿಗೆ ಜೋಡಿಸಿದ ಪುಟ್ಟ ಯಂತ್ರದ ತೋಳಿದೆ. ವಿದ್ಯಾರ್ಥಿಯ ಬೆರಳು ಎಲ್ಲಿ ಒತ್ತುತ್ತಿದೆಯೋ ಅಲ್ಲಿಗೆ ತಕ್ಕಂತೆ ಅದು ಮೆತ್ತಗೆ ಅಥವಾ ಗಟ್ಟಿಯಾಗಿ ಎದುರೊತ್ತುತ್ತದೆ. ಬೆರಳು ಎಲ್ಲಿದೆ ಎಂದು ಪರದೆಯ ಮೇಲೆ ನೋಡುತ್ತಾ ಮೇಷ್ಟ್ರು "ಇನ್ನೂ ಸ್ವಲ್ಪ ಎಡಕ್ಕೆ" ಎನ್ನಬಹುದು. ಇದರಲ್ಲಿ ಕಲಿತವರು ನಿಜವಾದ ಹಸುವಿನಲ್ಲೂ ಗರ್ಭಕೋಶ ಹುಡುಕುವುದರಲ್ಲಿ ಮುಂದಿದ್ದರು. ಇಂಥದ್ದು ಬೇಕೇ ಬೇಕು. ಒಂದೇ ಹಸುವಿನ ಮೇಲೆ ಹತ್ತು ಜನ ಸರದಿಯಲ್ಲಿ ಕೈ ಪಳಗಿಸಿಕೊಳ್ಳುವುದು ಆ ಪ್ರಾಣಿಗೆ ಹಿಂಸೆ, ಅಲ್ವಾ?

ಇಲ್ಲಿ ತಪ್ಪಿದರೆ ಬೆಲೆ ದೊಡ್ಡದು. ಗಬ್ಬವಿಲ್ಲ ಎಂದುಕೊಂಡು ಬೆದೆಗೆ ತರುವ ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಕೊಟ್ಟರೆ, ಹೊಟ್ಟೆಯಲ್ಲಿರುವ ಕರು ಹೋಗಿಬಿಡಬಹುದು.

ಕೈಯಷ್ಟೇ ಕಿವಿಯೂ ಪಳಗಬೇಕು. ನಾಲ್ಕನೇ ಹೊಟ್ಟೆ ಗಾಳಿ ತುಂಬಿ ಎಡಕ್ಕೆ ಸರಿದಿದ್ದರೆ, ಪಕ್ಕೆಲುಬಿನ ಮೇಲೆ ಸ್ಟೆತಸ್ಕೋಪ್ ಇಟ್ಟು ಪಕ್ಕದಲ್ಲೇ ಬೆರಳಿನಿಂದ ಚಿಮ್ಮಿದಾಗ, ಖಾಲಿ ಡ್ರಮ್ಮಿಗೆ ಹೊಡೆದಂತೆ 'ಟಿಣ್' ಎನ್ನುತ್ತದೆ.

ಆದರೆ ಹಾಲುಜ್ವರದಷ್ಟು ಚೆನ್ನಾಗಿ ಕಲಿಸುವ ಕಾಯಿಲೆ ಬೇರೊಂದಿಲ್ಲ. ಕರು ಹಾಕಿದ ಮಾರನೇ ದಿನ ಹಸು ನೆಲ ಹಿಡಿದಿದೆ. ಕತ್ತು ಪಕ್ಕೆಗೆ ತಿರುಗಿಸಿಕೊಂಡಿದೆ. ಏಳಲಾರದು. ಹೆಸರಲ್ಲಿ ಜ್ವರ ಇದೆಯೆಂದು ಥರ್ಮಾಮೀಟರ್ ನಂಬಿ ಕೂತರೆ ದಾರಿ ತಪ್ಪುತ್ತದೆ. ಮೈ ಬಿಸಿ ಎಷ್ಟೋ ಸಲ ಮಾಮೂಲಿಗಿಂತ ಕಡಿಮೆಯೇ ಇರುತ್ತದೆ. ಕೈ ಕಿವಿಗೆ ಹೋಗಬೇಕು. ಕಿವಿ ತಣ್ಣಗಿರುತ್ತದೆ. ಎಷ್ಟನೇ ಕರು ಎಂದೂ ಕೇಳಬೇಕು. ಮೂರನೆಯದೋ ಅದಕ್ಕಿಂತ ಮೇಲೋ ಆಗಿದ್ದರೆ ಅನುಮಾನ ಜಾಸ್ತಿ. ಹಸುವಿನ ರಕ್ತದಲ್ಲಿ ಒಮ್ಮೆಗೆ ಇರುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ. ಹತ್ತು ಲೀಟರ್ ಗಿಣ್ಣು ಹಾಲಿನಲ್ಲಿ 20 ಗ್ರಾಂ ಹೊರಗೆ ಹೋಗುತ್ತದೆ. ಮೂಳೆಯಿಂದ, ಮೇವಿನಿಂದ ಅಷ್ಟು ಬೇಗ ತುಂಬಿ ಬರದಿದ್ದರೆ ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ.

ಈಗ ವಿದ್ಯಾರ್ಥಿನಿ ಕುತ್ತಿಗೆಯ ನಾಳಕ್ಕೆ ಸೂಜಿ ಹಾಕಿ ಕ್ಯಾಲ್ಸಿಯಂ ಬಾಟಲಿ ಎತ್ತಿ ಹಿಡಿಯುತ್ತಾಳೆ. ಇನ್ನೊಬ್ಬ ಸ್ಟೆತಸ್ಕೋಪ್ ಇಟ್ಟು ಹಸುವಿನ ಎದೆಬಡಿತ ಕೇಳುತ್ತಿರುತ್ತಾನೆ. ಬೇಗ ಇಳಿಸಿದರೆ ಹೃದಯವೇ ನಿಂತೀತು. ಬಡಿತ ತಾಳ ತಪ್ಪಿತೆಂದರೆ ಬಾಟಲಿ ಕೆಳಗಿಳಿಯಬೇಕು. ನಿಧಾನ, ನಿಧಾನ. ಅರ್ಧಕ್ಕೂ ಹೆಚ್ಚು ಇಳಿದ ಮೇಲೆ ಮೈ ಸಣ್ಣಗೆ ನಡುಗುತ್ತದೆ. ತೇಗು ಬರುತ್ತದೆ. ಸಗಣಿ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಹಿಂಗಾಲೆತ್ತಿ ತೂರಾಡಿ ಎದ್ದು ನಿಂತಾಗ, ಸುತ್ತ ನಿಂತ ಹುಡುಗ ಹುಡುಗಿಯರ ಮುಖ ನೋಡಬೇಕು!

ಸೂಜಿ ತೆಗೆದು ಹೊರಟವಳನ್ನು ಮೇಷ್ಟ್ರು ತಡೆಯುತ್ತಾರೆ. ಎದ್ದ ಹಸು ಒಂದೆರಡು ದಿನದಲ್ಲಿ ಮತ್ತೆ ಬೀಳುವುದುಂಟು. ಕೆಚ್ಚಲು ಪೂರ್ತಿ ಬರಿದಾಗುವಂತೆ ಕರೆಯಬೇಡಿ ಎಂದು ಹಸುವಿನವರಿಗೆ ಹೇಳಿ, ನಾಳೆ ಬೆಳಿಗ್ಗೆ ಬಂದು ಮತ್ತೆ ಆ ಕಿವಿ ಮುಟ್ಟಿ ನೋಡಬೇಕು.