ಪುಟ್ಟ ಶ್ವಾಸಕೋಶದ ಟಿಚ್ ಬಟನ್‌ಗಳು

ಹದಿನೇಳನೇ ವಾರಕ್ಕೆ ಬಸಿರು ನಿಂತುಹೋದಾಗ, ಕಾರಣ ತಿಳಿಯಲಿ ಅಂತ ಆ ಕೂಸಿನ ಶ್ವಾಸಕೋಶದ ಚೂರು ನನ್ನಂಥ ಪೆಥಾಲಜಿಸ್ಟರ ಮೇಜಿಗೆ ಬರುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದು ಶ್ವಾಸಕೋಶದ ಹಾಗೆ ಕಾಣುವುದೇ ಇಲ್ಲ. ಗಾಳಿಚೀಲ ಒಂದೂ ಇರುವುದಿಲ್ಲ. ಬರೀ ಸಣ್ಣ ಸಣ್ಣ ಕೊಳವೆಗಳು, ಯಾವುದೋ ಗ್ರಂಥಿಯ ಹಾಗೆ. ವಿದ್ಯಾರ್ಥಿಗಳಿಗೆ ತೋರಿಸಬೇಕಾದಾಗ ಇ-ಕ್ಯಾಡೆರಿನ್ ಅನ್ನುವ ಪ್ರೋಟೀನಿಗೆ ಬಣ್ಣ ಹಾಕಿಸುತ್ತೇನೆ. ಆಗ ಕೊಳವೆಯ ಗೋಡೆಯಲ್ಲಿ ಪ್ರತಿ ಜೀವಕೋಶದ ಅಂಚಿಗೂ ಕಂದು ಗೆರೆ ಮೂಡುತ್ತದೆ. ಎರಡು ಕೋಶ ಮೈ ತಾಗಿಸಿಕೊಂಡ ಕಡೆ ಗೆರೆ ಗಾಢ. ಸುತ್ತಲಿನ ಸಡಿಲ ಅಂಗಾಂಶದಲ್ಲಿ ಆ ಬಣ್ಣವೇ ಇಲ್ಲ.

ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಈ ಪ್ರೋಟೀನನ್ನು ಇಟ್ಟಿಗೆ ನಡುವಿನ ಗಾರೆ ಅನ್ನುವವರಿದ್ದಾರೆ. ನನಗೆ ಆ ಹೋಲಿಕೆ ಸರಿಬರುವುದಿಲ್ಲ. ಗಾರೆ ಒಣಗಿದರೆ ಮುಗೀತು, ಬಿಡುವುದಿಲ್ಲ. ಬೆಳೆಯುವ ಶ್ವಾಸಕೋಶಕ್ಕೆ ಬಿಡುವುದೂ ಬೇಕು. ಕೂಸಿನ ಜುಬ್ಲಾದ ಟಿಚ್ ಬಟನ್ ಇದೆಯಲ್ಲ, ಕ್ಯಾಡೆರಿನ್ ಹಾಗೆ. ಪಕ್ಕದ ಕೋಶದ ಕ್ಯಾಡೆರಿನ್‌ಗೆ ಸಿಕ್ಕಿಕೊಳ್ಳುತ್ತದೆ, ಬೇಕಾದಾಗ ಬಿಚ್ಚಿಕೊಳ್ಳುತ್ತದೆ.

ಈ ಬಟನ್ ಕೂರಲು ಕ್ಯಾಲ್ಸಿಯಂ ಬೇಕೇ ಬೇಕು. ಅದು ಗೊತ್ತಾದ ಕತೆ ನನಗೆ ತುಂಬಾ ಇಷ್ಟ. 1970ರ ದಶಕದಲ್ಲಿ ಜಪಾನಿನ ವಿಜ್ಞಾನಿ ಮಸಾತೋಶಿ ತಾಕೇಯಿಚಿ ಕ್ಯೋಟೋದಿಂದ ಅಮೆರಿಕದ ಬಾಲ್ಟಿಮೋರಿಗೆ ಹೋದರು. ಊರಲ್ಲಿ ಚೆನ್ನಾಗಿ ಅಂಟುತ್ತಿದ್ದ ಕೋಶಗಳು ಇಲ್ಲಿ ಅಂಟಲೇ ಇಲ್ಲ. ಹುಡುಕಿದರೆ, ಕೋಶ ಬಿಡಿಸುವ ಟ್ರಿಪ್ಸಿನ್ ದ್ರಾವಣಕ್ಕೆ ಈ ಲ್ಯಾಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಸೇರಿಸುತ್ತಿದ್ದರು. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂನ ಕಾವಲು ತಪ್ಪಿದ ಪ್ರೋಟೀನನ್ನು ಟ್ರಿಪ್ಸಿನ್ ಕತ್ತರಿಸಿಹಾಕಿತ್ತು!

ಹಾಗಾದರೆ ಬಟನ್ ಬಿಚ್ಚುವುದು ಎಲ್ಲಿ? ಕವಲೊಡೆಯುವ ಜಾಗದಲ್ಲಿ. ನಾಲ್ಕನೇ ವಾರದಲ್ಲಿ ಚಿಗುರಿದ ಪುಟ್ಟ ಮೊಗ್ಗು ಕವಲಿಗೆ ಕವಲೊಡೆದು ಕೊನೆಗೆ ಸುಮಾರು 23 ಹಂತದ ಮರವಾಗುತ್ತದೆ. 2003ರಲ್ಲಿ ಕೆನೆತ್ ಯಮಾಡ ಅವರ ತಂಡ ಇಲಿ ಭ್ರೂಣದ ಜೊಲ್ಲುಗ್ರಂಥಿಯಲ್ಲಿ ಕವಲೊಡೆಯುವಾಗ ಮೂಡುವ ಸೀಳನ್ನು ಹತ್ತಿರದಿಂದ ನೋಡಿತು. ಸೀಳಿನೊಳಗೆ ಫೈಬ್ರೋನೆಕ್ಟಿನ್ ಎಂಬ ನಾರಿನಂಥ ಪ್ರೋಟೀನು ಸೇರಿಕೊಂಡಿತ್ತು. ಅದರ ಪಕ್ಕದ ಕೋಶಗಳ ನಡುವೆ ಕ್ಯಾಡೆರಿನ್ ಕಡಿಮೆಯಾಗಿತ್ತು. ಪಕ್ಕದವರ ಕೈ ಬಿಟ್ಟು ನೆಲ ಹಿಡಿದುಕೊಂಡ ಹಾಗೆ ಅಲ್ವಾ? ಫೈಬ್ರೋನೆಕ್ಟಿನ್ ತಡೆದಾಗ ಶ್ವಾಸಕೋಶದಲ್ಲೂ ಕವಲು ಕಡಿಮೆಯಾಯಿತು.

ನೆಲ ಹಿಡಿಯುವ ಆ ಕೈಗಳೇ ಇಂಟಿಗ್ರಿನ್‌ಗಳು. ಆಲ್ಫಾ-3 ಎಂಬ ಇಂಟಿಗ್ರಿನ್ ಇಲ್ಲದ ಇಲಿಮರಿಗಳಲ್ಲಿ ಶ್ವಾಸಕೋಶದ ಕವಲು ಕಡಿಮೆ, ಕಿಡ್ನಿಯೂ ಸರಿಯಾಗಿ ಬೆಳೆದಿರಲಿಲ್ಲ ಅಂತ 1996ರಲ್ಲೇ ಗೊತ್ತಾಗಿತ್ತು. 2012ರಲ್ಲಿ ಅದೇ ಇಂಟಿಗ್ರಿನ್ನಿನ ಜೀನ್ ಕೆಟ್ಟ ಮಕ್ಕಳ ವರದಿ ಬಂತು. ಉಸಿರಾಟದ ತೊಂದರೆ, ಮೂತ್ರದಲ್ಲಿ ಪ್ರೋಟೀನು ಸೋರಿಕೆ, ಚರ್ಮದ ಮೇಲೆ ಬೊಬ್ಬೆ.

ಬಹಳ ಅಪರೂಪದ ಕಾಯಿಲೆ, ನಿಜ. ಆದರೆ ಈ ಮೂರನ್ನೂ ಮೂವರು ತಜ್ಞರು ಬೇರೆ ಬೇರೆಯಾಗಿ ನೋಡಿದರೆ ಮನೆಯವರಿಗೆ ಬರೀ ಅಲೆದಾಟ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆ ಇಂಥ ಕಾಯಿಲೆಗಳಿಗೆ ಅವಕಾಶ ಜಾಸ್ತಿ. ಮಕ್ಕಳ ವೈದ್ಯರಿಗೆ ನನ್ನದೊಂದು ಕೋರಿಕೆ. ಮಗು ಉಳಿಯುವುದು ಕಷ್ಟ ಅನ್ನಿಸಿದಾಗಲೂ ಮನೆಯವರನ್ನು ಕೇಳಿ, ಒಂದಿಷ್ಟು ರಕ್ತವನ್ನು ಡಿಎನ್‌ಎ ಪರೀಕ್ಷೆಗೆ ಎತ್ತಿಡಿಸಿ. ಆ ತಾಯಿ ಮತ್ತೆ ಬಸಿರಾದಾಗ ಹುಡುಕುವುದು ಏನನ್ನು ಅಂತ ಆಗ ನಮಗೆ ಗೊತ್ತಿರುತ್ತದೆ.